ಲೀಗ್ ಹಾಕಿದ ನಿಷೇಧ: ಕೋರ್ಟ್ ಮೆಟ್ಟಿಲು ಹತ್ತುವ ಮುನ್ನ (ಕ್ರೀಡಾ ಕಾನೂನು ಪ್ರಶ್ನೋತ್ತರ)

ಆಟಗಾರರ ಮೇಲಿನ ನಿಷೇಧ, ದಂಡ, ಅಮಾನತಿನ ಬಗ್ಗೆ ಬೆಂಗಳೂರಿನ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇವೆ. ಪತ್ರಗಳಲ್ಲಿದ್ದ ಸ್ಥಳೀಯ ಕ್ಲಬ್, ಲೀಗ್‌ಗಳ ಹೆಸರು ಕೈಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ನಗರದ ಖಾಸಗಿ ಟಿ20 ಲೀಗೊಂದರಲ್ಲಿ ಸಂಭಾವನೆ ಪಡೆದು ಆಡುತ್ತಾನೆ. ಎಲ್‌ಬಿಡಬ್ಲ್ಯು ತೀರ್ಪಿನ ವಿಷಯಕ್ಕೆ ಅಂಪೈರ್ ಜೊತೆ ಜಗಳವಾಯಿತು. ಬೈದ, ಭುಜ ತಳ್ಳಿದ ಅಂತ ಒಂದು ವರ್ಷ ನಿಷೇಧಿಸಿ ವಾಟ್ಸ್‌ಆ್ಯಪ್‌ನಲ್ಲಿ ಪತ್ರ ಕಳಿಸಿದ್ದಾರೆ. ವಿಚಾರಣೆಗೆ ಕರೆಯಲೇ ಇಲ್ಲ. ಮುಂದಿನ ಟೂರ್ನಿಗೆ ಮೂರೇ ವಾರ ಇದೆ. ಪರಿಚಯದ ವಕೀಲರು ನೇರ ಹೈಕೋರ್ಟ್‌ಗೆ ರಿಟ್ ಹಾಕಿ ಅನ್ನುತ್ತಿದ್ದಾರೆ. ಹಾಕಬಹುದೇ?
– ಗೃಹಿಣಿ, ಜಯನಗರ

ಉತ್ತರ: ಇವತ್ತೇ ಬೇಡ. ಇವತ್ತು ಹೋಗಬೇಕಾದದ್ದು ಒಂದು ಇಮೇಲ್. ಅದರಲ್ಲಿ ಇಷ್ಟು ಕಾಗದ ಕೇಳಿ: ತಾರೀಖು, ಸಹಿ ಇರುವ ಆದೇಶದ ಪ್ರತಿ, ಆ ಪಂದ್ಯದ ದಿನ ಜಾರಿಯಲ್ಲಿದ್ದ ನೀತಿ ಸಂಹಿತೆ (ಆಮೇಲೆ ತಿದ್ದಿದ ಪ್ರತಿ ಕೊಟ್ಟು ಕೈತೊಳೆದುಕೊಳ್ಳುವವರುಂಟು), ಅಂಪೈರ್ ಮತ್ತು ಮ್ಯಾಚ್ ರೆಫರಿಯ ವರದಿ, ಆ ಓವರಿನ ವಿಡಿಯೊ, ಮಗ ಸಹಿ ಹಾಕಿದ ನೋಂದಣಿ ಅರ್ಜಿ ಮತ್ತು ಕರಾರು. ಕೊನೆಗೆ ಒಂದು ಸಾಲು ಸೇರಿಸಿ: ‘ಈ ಆದೇಶವನ್ನು ನಾನು ಒಪ್ಪಿಲ್ಲ, ಮೇಲ್ಮನವಿಯ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ.’ ವಾಟ್ಸ್‌ಆ್ಯಪ್ ಪತ್ರ ಬಂದ ಗಂಟೆ, ನಿಮಿಷ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗಡುವಿನ ಲೆಕ್ಕ ಸಾಮಾನ್ಯವಾಗಿ ಆದೇಶ ಕೈಸೇರಿದ ಹೊತ್ತಿನಿಂದಲೇ ಶುರು.

ಈ ಗಡುವು ಎಷ್ಟು ಚಿಕ್ಕದು ಅನ್ನುವುದೇ ಬಹಳ ಜನರಿಗೆ ಗೊತ್ತಿರುವುದಿಲ್ಲ. ತಪ್ಪುಗಳನ್ನು ಗಂಭೀರತೆಗೆ ತಕ್ಕಂತೆ ಹಂತಗಳಾಗಿ ವಿಂಗಡಿಸುವ ಐಸಿಸಿ ಸಂಹಿತೆಯಲ್ಲಿ ಎರಡನೇ ಹಂತದ ಅಪರಾಧಕ್ಕೆ ಮೇಲ್ಮನವಿ ಹಾಕಲು ಸಿಗುವುದು 48 ಗಂಟೆ ಮಾತ್ರ. ಸಣ್ಣ ಲೀಗ್‌ಗಳ ನಿಯಮಾವಳಿಯೂ ಸಾಮಾನ್ಯವಾಗಿ ಅದೇ ಅಚ್ಚಿನಲ್ಲಿರುತ್ತದೆ. ಹಾಗಾಗಿ ಇಪ್ಪತ್ತು ಪುಟದ ಮೇಲ್ಮನವಿ ಬರೆಯುತ್ತ ಕೂರಬೇಡಿ. ‘ಮೇಲ್ಮನವಿ ಸಲ್ಲಿಸುತ್ತಿದ್ದೇನೆ, ವಿವರವಾದ ಆಧಾರಗಳನ್ನು ದಾಖಲೆ ಕೈಸೇರಿದ ಮೇಲೆ ಕೊಡುತ್ತೇನೆ, ಅಲ್ಲಿಯವರೆಗೆ ಶಿಕ್ಷೆ ತಡೆಹಿಡಿಯಿರಿ’ ಅನ್ನುವ ಅರ್ಧ ಪುಟ ಸಾಕು. ಮೇಲ್ಮನವಿ ಶುಲ್ಕವೋ ಠೇವಣಿಯೋ ಇದ್ದರೆ ಅದೇ ದಿನ ಕಟ್ಟಿ ರಸೀದಿ ಲಗತ್ತಿಸಿ. ಒಳ್ಳೆಯ ಮೇಲ್ಮನವಿಗಳೂ ಈ ಶುಲ್ಕದ ಕಾರಣಕ್ಕೆ ಬಾಗಿಲಲ್ಲೇ ಬಿದ್ದುಹೋಗುತ್ತವೆ. ಇನ್ನೊಂದು ವಿಷಯ: ಕೆಲವು ಲೀಗ್‌ಗಳಲ್ಲಿ ಮೇಲ್ಮನವಿಯ ಹಕ್ಕು ಆಟಗಾರನಿಗಿಲ್ಲ, ತಂಡಕ್ಕಿದೆ. ಹಾಗಿದ್ದರೆ ತಂಡದ ಮ್ಯಾನೇಜರ್ ಸಹಿಯನ್ನೂ ಹಾಕಿಸಿ.

ಆಧಾರಗಳನ್ನು ಬರೆಯುವಾಗ ಮೂರನ್ನು ಬೆರೆಸಬೇಡಿ. ಒಂದು, ಕ್ರಮ: ನೋಟಿಸ್ ಕೊಟ್ಟರೇ, ಸಾಕ್ಷ್ಯ ತೋರಿಸಿದರೇ, ಮಾತಾಡಲು ಅವಕಾಶ ಕೊಟ್ಟರೇ, ಕಾರಣ ಬರೆದರೇ. ಎರಡು, ಹಂತ: ನಡೆದದ್ದು ನಿಜವೇ ಆದರೂ ಅದು ಅವರು ಹೇಳಿದ ಕಲಮಿಗೆ ಬರುತ್ತದೆಯೇ. ಮೂರು, ಪ್ರಮಾಣ: ಅದೇ ತಪ್ಪಿಗೆ ಈ ಹಿಂದೆ ಬೇರೆಯವರಿಗೆ ಎಷ್ಟು ಶಿಕ್ಷೆ ಕೊಟ್ಟಿದ್ದರು. ಎರಡನೆಯದನ್ನು ಜನ ಮರೆಯುತ್ತಾರೆ, ಗೆಲ್ಲುವುದು ಹಲವು ಸಲ ಅದೇ. 2018ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಕಗಿಸೊ ರಬಾಡ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್‌ಗೆ ಭುಜ ತಾಗಿಸಿದ್ದಕ್ಕೆ ಎರಡನೇ ಹಂತದ ಆರೋಪದಲ್ಲಿ ಮೂರು ಡಿಮೆರಿಟ್ ಅಂಕ (ತಪ್ಪಿಗೆ ಆಟಗಾರನ ಲೆಕ್ಕಕ್ಕೆ ಸೇರುವ ಅಂಕ) ಪಡೆದು ನಿಷೇಧಕ್ಕೆ ಒಳಗಾಗಿದ್ದರು. ಮೇಲ್ಮನವಿಯಲ್ಲಿ ಅದು ಮೊದಲನೇ ಹಂತದ ತಪ್ಪು ಅಂತಾಯಿತು, ಮೂರು ಅಂಕ ಒಂದಕ್ಕೆ ಇಳಿಯಿತು, ಹಿಂದಿನ ಅಂಕಗಳೂ ಸೇರಿ ಒಟ್ಟು ಏಳಕ್ಕೆ ನಿಂತಿತು. ನಿಷೇಧಕ್ಕೆ ಎಂಟು ಬೇಕಿತ್ತು. ಮುಂದಿನ ಟೆಸ್ಟ್ ಆಡಿದರು. ಅವರು ಪೂರ್ತಿ ನಿರ್ದೋಷಿ ಅಂತ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಿಮ್ಮ ಮಗನ ಪ್ರಕರಣದಲ್ಲೂ ‘ತಳ್ಳಿದ’ ಮತ್ತು ‘ತಾಗಿದ’ ನಡುವಿನ ವ್ಯತ್ಯಾಸ ವಿಡಿಯೊದಲ್ಲಿ ಕಂಡರೆ ಒಂದು ವರ್ಷ ಕೆಲವು ಪಂದ್ಯಗಳಿಗೆ ಇಳಿಯಬಹುದು.

ಕ್ಷಮಾಪಣೆ ಪತ್ರದ ಬಗ್ಗೆ ಎಚ್ಚರ. ‘ಸಾರ್, ತಪ್ಪಾಯ್ತು ಅಂತ ಬರೆದುಕೊಡಿ, ಮುಗಿಸಿಬಿಡೋಣ’ ಅಂತ ಸಂಘಟಕರು ಫೋನ್ ಮಾಡುತ್ತಾರೆ. ಬರೆದುಕೊಟ್ಟರೆ ಅದೇ ತಪ್ಪೊಪ್ಪಿಗೆಯಾಗಿ ಕಡತದಲ್ಲಿ ಕೂರುತ್ತದೆ. ಬರೆಯಲೇಬೇಕಿದ್ದರೆ ‘ನನ್ನ ಹಕ್ಕುಗಳಿಗೆ ಬಾಧಕವಾಗದಂತೆ’ ಅಂತ ಶುರುಮಾಡಿ, ನಡೆದದ್ದಕ್ಕೆ ವಿಷಾದವಿದೆ ಅನ್ನಿ. ಆರೋಪದ ಪದಗಳನ್ನು ಬಳಸಬೇಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಒಂದಕ್ಷರವೂ ಬೇಡ. ಅಂಪೈರ್ ಬಗ್ಗೆ ಹಾಕಿದ ಸ್ಟೋರಿ ಎರಡನೇ ಆರೋಪವಾಗುತ್ತದೆ.

ಕೋರ್ಟ್ ವಿಷಯಕ್ಕೆ ಬರೋಣ. ರಿಟ್ ಅಂದರೆ ಸರ್ಕಾರ ಅಥವಾ ಸಾರ್ವಜನಿಕ ಕೆಲಸ ಮಾಡುವ ಸಂಸ್ಥೆಯ ವಿರುದ್ಧ ಹಾಕುವ ಅರ್ಜಿ, ಖಾಸಗಿ ಲೀಗ್ ವಿರುದ್ಧ ಅದು ನಿಲ್ಲುವುದು ಕಷ್ಟ. ಕಾರಣ ಮುಂದಿನ ಉತ್ತರದಲ್ಲಿದೆ. ಲೀಗ್ ಒಳಗೇ ಮೇಲ್ಮನವಿ ಇದ್ದು ಅದನ್ನು ಬಳಸದಿದ್ದರೆ ಯಾವ ಕೋರ್ಟಾದರೂ ಮೊದಲು ಅದನ್ನೇ ಕೇಳುತ್ತದೆ. ಒಂದು ವಾರದಲ್ಲಿ ಲೀಗ್ ಉತ್ತರಿಸದಿದ್ದರೆ ಕರಾರು ತೆಗೆದು ನೋಡಿ. ಅದರಲ್ಲಿ ಆರ್ಬಿಟ್ರೇಷನ್ (ಕೋರ್ಟ್ ಬದಲು ಪಂಚರ ಮುಂದೆ ವಿವಾದ ತೀರಿಸಿಕೊಳ್ಳುವ) ಷರತ್ತು ಇದ್ದರೆ ಆರ್ಬಿಟ್ರೇಷನ್ ಕಾಯ್ದೆಯ 9ನೇ ಸೆಕ್ಷನ್ ಅಡಿ ತಾತ್ಕಾಲಿಕ ತಡೆ ಕೇಳಬೇಕು. ತಡೆ ಸಿಕ್ಕರೆ 90 ದಿನದೊಳಗೆ ಆರ್ಬಿಟ್ರೇಷನ್ ಶುರುಮಾಡಲೇಬೇಕು. ಷರತ್ತು ಇಲ್ಲದಿದ್ದರೆ ಸಿಟಿ ಸಿವಿಲ್ ಕೋರ್ಟ್‌ನಲ್ಲಿ ದಾವೆ, ಜೊತೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಡಿ ತಡೆಯಾಜ್ಞೆಯ ಅರ್ಜಿ. ಮೇಲ್ನೋಟಕ್ಕೆ ನಿಮ್ಮಲ್ಲಿ ಹುರುಳಿದೆಯೇ, ತಡೆ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆ ನಷ್ಟವನ್ನು ಆಮೇಲೆ ದುಡ್ಡಿನಿಂದ ತುಂಬಿಸಬಹುದೇ ಅಂತ ನ್ಯಾಯಾಧೀಶರು ನೋಡುತ್ತಾರೆ. ವಿಚಾರಣೆಗೆ ಕರೆದೇ ಇಲ್ಲ ಅನ್ನುವುದು ಮೊದಲನೆಯದಕ್ಕೆ ಉತ್ತರ. 22ರ ಆಟಗಾರನಿಗೆ ಹೋದ ಸೀಸನ್ ತಿರುಗಿ ಬರುವುದಿಲ್ಲ ಅನ್ನುವುದು ಮೂರನೆಯದಕ್ಕೆ.

ಎದುರು ಪಕ್ಷಕ್ಕೆ ನೋಟಿಸ್ ಹೋಗುವ ಮುನ್ನವೇ ತಡೆ ಸಿಕ್ಕರೆ ಖುಷಿಯಲ್ಲಿ ಮೈಮರೆಯಬೇಡಿ. ಅದೇ ದಿನ ಅಥವಾ ಮರುದಿನವೇ ಅರ್ಜಿ, ಪ್ರಮಾಣಪತ್ರ, ದಾವಾ ಪ್ರತಿಗಳನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಲೀಗ್‌ಗೆ ಕಳಿಸಿ, ಕಳಿಸಿದ್ದಕ್ಕೆ ಕೋರ್ಟ್‌ಗೆ ಪ್ರಮಾಣಪತ್ರ ಸಲ್ಲಿಸಬೇಕು. ಇದನ್ನು ಬಿಟ್ಟರೆ ಆ ಒಂದೇ ಕಾರಣಕ್ಕೆ ತಡೆ ತೆರವಾಗಬಹುದು. ಲೀಗ್‌ನವರು ಚುರುಕಾಗಿದ್ದರೆ ಮೊದಲೇ ಕೇವಿಯಟ್ ಹಾಕಿರುತ್ತಾರೆ, ಅದು 90 ದಿನ ಇರುತ್ತದೆ. ಆಗ ಅವರ ಮಾತು ಕೇಳದೆ ಆದೇಶ ಸಿಗದು.

ಪ್ರಶ್ನೆ: ಬಿಸಿಸಿಐ ಖಾಸಗಿ ಸಂಸ್ಥೆ ಅನ್ನುತ್ತಾರೆ. ಆದರೂ ಅದರ ಮೇಲೆ ರಿಟ್ ಅರ್ಜಿಗಳು ಬರುತ್ತಲೇ ಇವೆ. ಇದು ಹೇಗೆ?
– ಕಾನೂನು ವಿದ್ಯಾರ್ಥಿನಿ, ನಾಗರಬಾವಿ

ಉತ್ತರ: 2005ರ ಝೀ ಟೆಲಿಫಿಲ್ಮ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 3–2ರ ಬಹುಮತದಿಂದ ಬಿಸಿಸಿಐ ಸಂವಿಧಾನದ 12ನೇ ವಿಧಿಯ ‘ಪ್ರಭುತ್ವ’ ಅಲ್ಲ ಎಂದಿತು. ಅಂದರೆ 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟ್‌ಗೆ ಹೋಗುವಂತಿಲ್ಲ. ಆದರೆ ಅದು ಮಾಡುತ್ತಿರುವುದು ಸಾರ್ವಜನಿಕ ಸ್ವರೂಪದ ಕೆಲಸ, ಹಾಗಾಗಿ 226ನೇ ವಿಧಿಯಡಿ ಹೈಕೋರ್ಟ್ ಬಾಗಿಲು ತೆರೆದಿದೆ. 2015ರ ಬಿಹಾರ ಕ್ರಿಕೆಟ್ ಸಂಸ್ಥೆ ಪ್ರಕರಣದಲ್ಲಿ ಇದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿತು: ದೇಶದ ತಂಡ ಆರಿಸುವ, ಆಟವನ್ನು ಪೂರ್ತಿ ನಿಯಂತ್ರಿಸುವ ಸಂಸ್ಥೆ ನ್ಯಾಯಸಮ್ಮತವಾಗಿ ನಡೆದುಕೊಳ್ಳಬೇಕು. ಈ ತರ್ಕವನ್ನು ರಾಜ್ಯ ಸಂಸ್ಥೆಗಳಿಗೂ, ರಾಷ್ಟ್ರೀಯ ಫೆಡರೇಶನ್‌ಗಳಿಗೂ ಹಚ್ಚಿ ವಾದಿಸಬಹುದು. ಪ್ರಾಯೋಜಕರನ್ನು ಹಿಡಿದು ಒಬ್ಬ ಉದ್ಯಮಿ ನಡೆಸುವ ಲೀಗ್‌ಗೆ ಹಚ್ಚುವುದು ಕಷ್ಟ.

ರಿಟ್‌ನಲ್ಲಿ ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಫುಟ್‌ಬಾಲ್ ಆಟಗಾರ ಅನ್ವರ್ ಅಲಿ ಪ್ರಕರಣ ನೋಡಿ. ಮೋಹನ್ ಬಾಗನ್ ಜೊತೆಗಿನ ಕರಾರು ಮುರಿದರೆಂದು 2024ರ ಸೆಪ್ಟೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ (ಎಐಎಫ್‌ಎಫ್) ಸಮಿತಿ ಅವರಿಗೆ ನಾಲ್ಕು ತಿಂಗಳ ನಿಷೇಧ ಹಾಕಿತು. ದೆಹಲಿ ಹೈಕೋರ್ಟ್‌ನಲ್ಲಿ ಆ ಆದೇಶ ನಿಲ್ಲಲಿಲ್ಲ, ಮತ್ತೆ ವಿಚಾರಣೆ ನಡೆಸಬೇಕಾಯಿತು. ಕೋರ್ಟ್ ಕರಾರಿನ ಸರಿತಪ್ಪು ತೀರ್ಮಾನಿಸಲಿಲ್ಲ. ರಿಟ್‌ನಲ್ಲಿ ಬಹುಪಾಲು ಸಿಗುವುದು ಇಷ್ಟೇ: ಸರಿಯಾಗಿ ಕೇಳಿ, ಕಾರಣ ಬರೆದು, ಇನ್ನೊಮ್ಮೆ ತೀರ್ಮಾನಿಸಿ ಅನ್ನುವ ಆದೇಶ. ಆ ‘ಇನ್ನೊಮ್ಮೆ’ಯಲ್ಲಿ ಅದೇ ಶಿಕ್ಷೆ ಮರಳಿ ಬಂದರೂ ಬರಬಹುದು.

ಪ್ರಶ್ನೆ: 2024ರಲ್ಲಿ ರಿಷಭ್ ಪಂತ್ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ವಿರುದ್ಧ ಆಡದಂತೆ ನಿಷೇಧಿಸಿದ್ದರು. ಅಷ್ಟು ದೊಡ್ಡ ಆಟಗಾರ, ಅಷ್ಟು ದುಡ್ಡಿರುವ ಫ್ರಾಂಚೈಸಿ, ಆದರೂ ಕೋರ್ಟ್‌ಗೆ ಯಾಕೆ ಹೋಗಲಿಲ್ಲ?
– ಆರ್‌ಸಿಬಿ ಅಭಿಮಾನಿ, ಬನಶಂಕರಿ

ಉತ್ತರ: ದಿನಾಂಕ ನೋಡಿದರೆ ಅರ್ಥವಾಗುತ್ತದೆ. ಮೇ 7ರಂದು ದೆಹಲಿಯಲ್ಲಿ ರಾಜಸ್ಥಾನ ವಿರುದ್ಧ ಡೆಲ್ಲಿ ತಂಡ ಆ ಸೀಸನ್‌ನಲ್ಲಿ ಮೂರನೇ ಸಲ ನಿಧಾನಗತಿಯ ಓವರ್‌ಗಳಿಗೆ ಸಿಕ್ಕಿಬಿತ್ತು. ನಾಯಕ ಪಂತ್‌ಗೆ 30 ಲಕ್ಷ ರೂಪಾಯಿ ದಂಡ, ಒಂದು ಪಂದ್ಯ ನಿಷೇಧ. ಉಳಿದವರಿಗೆ ತಲಾ 12 ಲಕ್ಷ ಅಥವಾ ಪಂದ್ಯದ ಸಂಭಾವನೆಯ ಅರ್ಧ, ಯಾವುದು ಕಡಿಮೆಯೋ ಅದು. ಐಪಿಎಲ್ ಸಂಹಿತೆಯ 8ನೇ ಕಲಮಿನಡಿ ಫ್ರಾಂಚೈಸಿ ಇದನ್ನು ಪ್ರಶ್ನಿಸಿತು. ವಿಷಯ ಬಿಸಿಸಿಐ ಓಂಬುಡ್ಸ್‌ಮನ್ (ದೂರು, ವಿವಾದ ವಿಚಾರಿಸುವ ಅಧಿಕಾರಿ) ಬಳಿ ಹೋಯಿತು, ಆನ್‌ಲೈನ್ ವಿಚಾರಣೆ ನಡೆದು, ರೆಫರಿಯ ತೀರ್ಪೇ ಅಂತಿಮ ಅಂತಾಯಿತು. ಮೇ 12ರಂದು ಇಲ್ಲಿ ಅಕ್ಷರ್ ಪಟೇಲ್ ಟಾಸ್‌ಗೆ ಬಂದರು, ಆರ್‌ಸಿಬಿ 47 ರನ್‌ಗಳಿಂದ ಗೆದ್ದಿತು. ಎಲ್ಲವೂ ಐದೇ ದಿನದಲ್ಲಿ ಮುಗಿದುಹೋಯಿತು.

ಓವರ್ ಗತಿ ಗಡಿಯಾರದ ಲೆಕ್ಕ. ಗಾಯ, ಡಿಆರ್‌ಎಸ್, ಎದುರು ತಂಡದ ವಿಳಂಬಕ್ಕೆ ಕೊಡುವ ರಿಯಾಯಿತಿ ನಿಮಿಷಗಳ ಬಗ್ಗೆ ಮಾತ್ರ ವಾದಿಸಬಹುದು. ಅದರಲ್ಲಿ ಕೋರ್ಟ್ ಕೈಹಾಕುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಐಪಿಎಲ್ ನಡೆಯುವುದು ಕೋರ್ಟ್‌ಗಳ ಬೇಸಿಗೆ ರಜೆಯ ಹೊತ್ತಿನಲ್ಲಿ ಅನ್ನುವುದನ್ನೂ ನೆನಪಿಡಿ. ನಮ್ಮ ಹೈಕೋರ್ಟ್‌ನಲ್ಲೂ ಆಗ ರಜಾಕಾಲದ ಪೀಠ ಮಾತ್ರ ಇರುತ್ತದೆ, ಅದೂ ಎಲ್ಲ ದಿನ ಕೂರುವುದಿಲ್ಲ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಶಿಕ್ಷೆಗೊಳಗಾದ ಆಟಗಾರರ ವಕೀಲರು ಮೊದಲು ನೋಡಬೇಕಾದದ್ದು ಆ ಪೀಠದ ದಿನಗಳನ್ನು.

ಒಂದು ಪಂದ್ಯದ ನಿಷೇಧಕ್ಕೆ ಕೋರ್ಟ್ ಬೇಡ ಅನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ. ಗೆದ್ದರೂ ಆ ಪಂದ್ಯ ಮುಗಿದಿರುತ್ತದೆ.

ಪ್ರಶ್ನೆ: ಅಂಪೈರ್ ಔಟ್ ಕೊಟ್ಟಿದ್ದೇ ತಪ್ಪು ಅಂತ ಕೇಸ್ ಹಾಕಬಹುದಾ?
– ಕಾಲೇಜು ವಿದ್ಯಾರ್ಥಿ, ಯಲಹಂಕ

ಉತ್ತರ: ಇಲ್ಲ. ಅಂಪೈರ್ ಲಂಚ ತಿಂದಿದ್ದಾರೆ ಅಂತ ಸಾಬೀತು ಮಾಡಲು ಆದರೆ ಮಾತು ಬೇರೆ. ಅಂಗಳದೊಳಗಿನ ತೀರ್ಪನ್ನು ಸ್ವಿಟ್ಜರ್‌ಲೆಂಡ್‌ನಲ್ಲಿರುವ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯೂ ಮುಟ್ಟುವುದಿಲ್ಲ.

ಪ್ರಶ್ನೆ: ಕ್ರಿಮಿನಲ್ ಕೋರ್ಟೇ ಬಿಟ್ಟುಬಿಟ್ಟ ಮೇಲೆ ಕ್ರಿಕೆಟ್ ಮಂಡಳಿ ನಿಷೇಧ ಮುಂದುವರಿಸುವುದು ಅನ್ಯಾಯ ಅಲ್ಲವೇ? ಶ್ರೀಶಾಂತ್ ವಿಷಯದಲ್ಲಿ ಆದದ್ದೇನು? ನಮ್ಮ ಕೆಪಿಎಲ್ ಪ್ರಕರಣ ಏನಾಯಿತು?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಮಲ್ಲೇಶ್ವರ

ಉತ್ತರ: ಎರಡೂ ಬೇರೆ ತಕ್ಕಡಿ. ಕ್ರಿಮಿನಲ್ ಕೋರ್ಟ್‌ಗೆ ಸಂಶಯಾತೀತ ಪುರಾವೆ ಬೇಕು, ಜೊತೆಗೆ ಮಾಡಿದ ಕೆಲಸ ಕಾನೂನಿನ ಯಾವುದೋ ಕಲಮಿನಲ್ಲಿ ಅಪರಾಧ ಆಗಿರಬೇಕು. ಕ್ರಿಕೆಟ್‌ನ ಭ್ರಷ್ಟಾಚಾರ ತಡೆ ಸಂಹಿತೆಗೆ ಸಮಿತಿಗೆ ‘ಸಮಾಧಾನಕರವಾಗಿ ಮನದಟ್ಟಾದರೆ’ ಸಾಕು. ಆರೋಪ ಎಷ್ಟು ಗಂಭೀರ ಅನ್ನುವುದಕ್ಕೆ ತಕ್ಕಂತೆ ಇದು ಸಿವಿಲ್ ಕೋರ್ಟಿನ ಮಟ್ಟದಿಂದ ಕ್ರಿಮಿನಲ್ ಮಟ್ಟದವರೆಗೆ ಏರುತ್ತದೆ.

ವೇಗದ ಬೌಲರ್ ಶ್ರೀಶಾಂತ್ ಅವರಿಗೆ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ಬಿಸಿಸಿಐ 2013ರ ಸೆಪ್ಟೆಂಬರ್‌ನಲ್ಲಿ ಆಜೀವ ನಿಷೇಧ ಹಾಕಿತು. 2015ರ ಜುಲೈನಲ್ಲಿ ದೆಹಲಿಯ ಕೋರ್ಟ್ ಕ್ರಿಮಿನಲ್ ಪ್ರಕರಣದಿಂದ ಬಿಡುಗಡೆ ಮಾಡಿತು. ನಿಷೇಧ ಹಾಗೇ ಉಳಿಯಿತು. 2017ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟ್‌ನ ಏಕಸದಸ್ಯ ಪೀಠ ನಿಷೇಧ ತೆಗೆಯಿತು, ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ಮತ್ತೆ ಹೇರಿತು. 2019ರ ಮಾರ್ಚ್ 15ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಬಹಳ ಜನ ‘ಶ್ರೀಶಾಂತ್ ಗೆದ್ದರು’ ಅಂತ ಓದಿಕೊಂಡರು. ಅದು ಅರ್ಧ ಸತ್ಯ. ತಪ್ಪು ಮಾಡಿದ್ದಾರೆ ಅನ್ನುವ ಸಮಿತಿಯ ತೀರ್ಮಾನವನ್ನು ಕೋರ್ಟ್ ಕದಲಿಸಲಿಲ್ಲ. ಸಂಹಿತೆಯಲ್ಲಿ ಶಿಕ್ಷೆ ಕನಿಷ್ಠ ಐದು ವರ್ಷದಿಂದ ಆಜೀವದವರೆಗೆ ಅಂತ ಇರುವಾಗ, ಶಿಕ್ಷೆ ಹೆಚ್ಚಿಸುವ, ತಗ್ಗಿಸುವ ಅಂಶಗಳನ್ನು ಅಳೆಯದೆ ಸೀದಾ ತುದಿಗೆ ಹೋದದ್ದು ಸರಿಯಲ್ಲ, ಮೂರು ತಿಂಗಳಲ್ಲಿ ಪ್ರಮಾಣವನ್ನು ಮರುಪರಿಶೀಲಿಸಿ ಎಂದಿತು. ಆಗಸ್ಟ್‌ನಲ್ಲಿ ಓಂಬುಡ್ಸ್‌ಮನ್ ನ್ಯಾಯಮೂರ್ತಿ ಡಿ.ಕೆ. ಜೈನ್ ಅದನ್ನು ಏಳು ವರ್ಷಕ್ಕೆ ಇಳಿಸಿದರು. 2020ರ ಸೆಪ್ಟೆಂಬರ್‌ಗೆ ಮುಗಿಯಿತು. 2021ರ ಜನವರಿಯಲ್ಲಿ ಕೇರಳಕ್ಕೆ ಮರಳಿ ಬೌಲ್ ಮಾಡಿದಾಗ ಅವರಿಗೆ 37. ಅಜರುದ್ದೀನ್ ಅವರದ್ದು ಇನ್ನೂ ತಡ. 2000ರ ಡಿಸೆಂಬರ್‌ನ ಆಜೀವ ನಿಷೇಧವನ್ನು ಆಂಧ್ರಪ್ರದೇಶ ಹೈಕೋರ್ಟ್ ರದ್ದು ಮಾಡಿದ್ದು 2012ರ ನವೆಂಬರ್‌ನಲ್ಲಿ, ಅವರಿಗೆ 49 ಆಗಿದ್ದಾಗ.

ಆದ್ದರಿಂದ ಆಜೀವ ನಿಷೇಧವೋ ಹಲವು ವರ್ಷದ ನಿಷೇಧವೋ ಬಂದರೆ, ‘ನಾನು ಮಾಡಿಲ್ಲ’ ಅನ್ನುವುದರ ಜೊತೆಗೇ ಪರ್ಯಾಯವಾಗಿ ಪ್ರಮಾಣದ ವಾದವನ್ನೂ ಮೊದಲ ದಿನದಿಂದ ಬರೆಯಿರಿ. ವಯಸ್ಸು, ಹಿಂದಿನ ದಾಖಲೆ, ತನಿಖೆಗೆ ಸಹಕರಿಸಿದ್ದು, ಲಾಭ ಸಿಕ್ಕಿದೆಯೇ ಇಲ್ಲವೇ, ಎಲ್ಲಕ್ಕೂ ಕಾಗದ ಇಡಿ. ಇದು ತಪ್ಪೊಪ್ಪಿಕೊಂಡಂತೆ ಆಗುತ್ತದೆ ಅನ್ನುವ ಭಯ ಬೇಡ, ವಕೀಲರು ‘ಮೇಲಿನ ವಾದಕ್ಕೆ ಧಕ್ಕೆಯಾಗದಂತೆ’ ಅಂತ ಬರೆದೇ ಇದನ್ನು ಸೇರಿಸುತ್ತಾರೆ.

ಕೆಪಿಎಲ್‌ನದು (ಕರ್ನಾಟಕ ಪ್ರೀಮಿಯರ್ ಲೀಗ್) ಇದರ ಇನ್ನೊಂದು ಮುಖ. 2019ರಲ್ಲಿ ಬೆಂಗಳೂರು ಸಿಸಿಬಿ ಆಟಗಾರರನ್ನು ಬಂಧಿಸಿ 420ನೇ ಸೆಕ್ಷನ್‌ನಡಿ ವಂಚನೆ ಆರೋಪ ಹೊರಿಸಿತ್ತು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ವಂಚನೆ ಆಗಬೇಕಾದರೆ ಮೋಸದಿಂದ ಪ್ರೇರೇಪಿಸಿ ಸ್ವತ್ತು ಪಡೆದಿರಬೇಕು, ಪ್ರೇಕ್ಷಕರು ಟಿಕೆಟ್ ಕೊಂಡದ್ದು ತಾವಾಗಿ ಅನ್ನುವುದು ಅದರ ತರ್ಕ. ಮ್ಯಾಚ್ ಫಿಕ್ಸಿಂಗ್ ನಡೆದಿದ್ದರೆ ಶಿಸ್ತುಕ್ರಮ ಜರುಗಿಸಲು ಬಿಸಿಸಿಐಗೆ ಅಧಿಕಾರವಿದೆ ಎಂದೂ ಹೇಳಿತು. ಸರ್ಕಾರ ಆ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋಗಿದೆ. ಪೊಲೀಸ್ ಕೇಸ್ ಬಿದ್ದುಹೋದ ಕಾಗದವನ್ನು ಶಿಸ್ತು ಸಮಿತಿ ಮುಂದೆ ಇಟ್ಟರೆ ಒಂದಿಷ್ಟು ತೂಕ ಸಿಗಬಹುದು, ನಿಷೇಧ ತಾನಾಗಿ ಕಳಚುವುದಿಲ್ಲ.

ಪ್ರಶ್ನೆ: ಅಮೆರಿಕದ ಫುಟ್‌ಬಾಲ್ ಆಟಗಾರ ಟಾಮ್ ಬ್ರೇಡಿ ಲೀಗ್ ವಿರುದ್ಧ ಕೇಸ್ ಹಾಕಿ ಗೆದ್ದು, ಆಮೇಲೆ ಸೋತದ್ದು ಹೇಗೆ? ನಮ್ಮ ಆಟಗಾರರಿಗೆ ಅದರಿಂದ ಏನಾದರೂ ಪ್ರಯೋಜನ ಇದೆಯೇ?
– ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: 2015ರ ಜನವರಿಯ ಪಂದ್ಯವೊಂದರಲ್ಲಿ ಬ್ರೇಡಿ ತಂಡದ ಚೆಂಡುಗಳಲ್ಲಿ ಗಾಳಿ ಕಡಿಮೆ ಇತ್ತು. ನಿಯಮದ ಪ್ರಕಾರ ಒತ್ತಡ 12.5ರಿಂದ 13.5 ಪಿಎಸ್‌ಐ ಇರಬೇಕು. ಗಾಳಿ ತೆಗೆಸಿದ್ದು ಬ್ರೇಡಿಗೆ ಗೊತ್ತಿತ್ತು ಅಂತ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಮೇ ತಿಂಗಳಲ್ಲಿ ನಾಲ್ಕು ಪಂದ್ಯ ಅಮಾನತು ಮಾಡಿತು. ಮೇಲ್ಮನವಿ ಕೇಳಿದ್ದು ಲೀಗ್‌ನ ಕಮಿಷನರ್ ರೋಜರ್ ಗುಡೆಲ್ ಅವರೇ, ಶಿಕ್ಷೆ ಎತ್ತಿಹಿಡಿದದ್ದೂ ಅವರೇ. ಸೆಪ್ಟೆಂಬರ್ 3ರಂದು ನ್ಯೂಯಾರ್ಕ್‌ನ ನ್ಯಾಯಾಧೀಶ ರಿಚರ್ಡ್ ಬರ್ಮನ್ ಅದನ್ನು ರದ್ದು ಮಾಡಿದರು, ಬ್ರೇಡಿ ಆ ಸೀಸನ್ ಪೂರ್ತಿ ಆಡಿದರು. 2016ರ ಏಪ್ರಿಲ್ 25ರಂದು ಮೇಲಿನ ಕೋರ್ಟ್ 2–1ರಿಂದ ಶಿಕ್ಷೆಯನ್ನು ಮತ್ತೆ ಹೇರಿತು. ಜುಲೈನಲ್ಲಿ ಮರುವಿಚಾರಣೆಯ ಕೋರಿಕೆಯೂ ಬಿತ್ತು, ಬ್ರೇಡಿ ಕೈಬಿಟ್ಟು ನಾಲ್ಕು ಪಂದ್ಯ ಹೊರಗೆ ಕೂತರು.

ಆರೋಪ ಹೊರಿಸಿದವನೇ ಮೇಲ್ಮನವಿ ಕೇಳುವುದು ನಮಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಆ ಅಧಿಕಾರ ಕೊಟ್ಟದ್ದು ಆಟಗಾರರ ಸಂಘವೇ. ಲೀಗ್ ಜೊತೆಗಿನ ಸಾಮೂಹಿಕ ಒಪ್ಪಂದದ 46ನೇ ಕಲಮಿಗೆ ಸಹಿ ಹಾಕಿತ್ತು. ಒಪ್ಪಿದ ವ್ಯವಸ್ಥೆಯೊಳಗೆ ಕಮಿಷನರ್ ಇದ್ದರೇ ಅನ್ನುವುದನ್ನು ಮಾತ್ರ ನೋಡುತ್ತೇವೆ, ತೀರ್ಪು ಸರಿಯೋ ತಪ್ಪೋ ನಮ್ಮ ಕೆಲಸ ಅಲ್ಲ ಅಂತ ಕೋರ್ಟ್ ಹೇಳಿತು. 2017ರಲ್ಲಿ ಅದೇ ಲೀಗ್‌ನ ಆಟಗಾರ ಎಜೆಕಿಯೆಲ್ ಎಲಿಯಟ್ ಆರು ಪಂದ್ಯದ ಅಮಾನತಿಗೆ ತಡೆ ತಂದಿದ್ದರು. ಲೀಗ್ ಒಳಗಿನ ತೀರ್ಪು ಬರುವ ಮುನ್ನವೇ ಕೇಸ್ ಹಾಕಿದ್ದಾರೆ ಅನ್ನುವ ಕಾರಣಕ್ಕೆ ಮೇಲಿನ ಕೋರ್ಟ್ ಅದನ್ನು ತೆಗೆದುಹಾಕಿತು. ಜಯನಗರದ ಓದುಗರಿಗೆ ಇವತ್ತೇ ಹೈಕೋರ್ಟ್ ಬೇಡ ಅಂದದ್ದು ಇಂಥದ್ದೇ ಕಾರಣಕ್ಕೆ.

ಭಾರತದಲ್ಲಿ ಆಡುತ್ತಿರುವ ಕ್ರಿಕೆಟಿಗರಿಗೆ ಅಂಥ ಸಂಘ ಇಲ್ಲ. 2019ರಲ್ಲಿ ಬಂದ ಭಾರತೀಯ ಕ್ರಿಕೆಟಿಗರ ಸಂಸ್ಥೆ ನಿವೃತ್ತರಿಗಾಗಿ. ಹಾಗಾಗಿ ನಮ್ಮ ಆಟಗಾರ ಒಬ್ಬನೇ ಕೂತು, ಲೀಗ್ ಕೊಟ್ಟ ಅಚ್ಚಾದ ಕರಾರಿಗೆ ಸಹಿ ಹಾಕುತ್ತಾನೆ. ಇದರಲ್ಲೇ ಒಂದು ಅನುಕೂಲವೂ ಇದೆ: ನಮ್ಮ ಆರ್ಬಿಟ್ರೇಷನ್ ಕಾಯ್ದೆಯ 12(5)ನೇ ಸೆಕ್ಷನ್ ಪ್ರಕಾರ ಒಂದು ಪಕ್ಷದ ನೌಕರನೋ ನಿರ್ದೇಶಕನೋ ಆರ್ಬಿಟ್ರೇಟರ್ ಆಗುವಂತಿಲ್ಲ. 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನ ಮೇಲೆ, ಅಂಥವರು ತಾವೇ ಇನ್ನೊಬ್ಬರನ್ನು ನೇಮಿಸುವಂತೆಯೂ ಇಲ್ಲ. ‘ಲೀಗ್‌ನ ಸಿಇಒ ನೇಮಿಸಿದ ಏಕೈಕ ಆರ್ಬಿಟ್ರೇಟರ್’ ಅಂತ ಕರಾರಿನಲ್ಲಿದ್ದರೆ ಮೊದಲ ಪತ್ರದಲ್ಲೇ ಆಕ್ಷೇಪ ಎತ್ತಿ. ವಿವಾದ ಹುಟ್ಟಿದ ಮೇಲೆ ‘ಪರವಾಗಿಲ್ಲ’ ಅಂತ ಬರೆದುಕೊಟ್ಟರೆ ಆ ಹಕ್ಕು ಹೋಯಿತು. ಆರ್ಬಿಟ್ರೇಟರ್ ತೀರ್ಪಿನ ಮೇಲೆ 34ನೇ ಸೆಕ್ಷನ್‌ನಡಿ ಕೋರ್ಟ್‌ಗೆ ಹೋಗಲು ಮೂರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನು 30 ದಿನ. ಅಲ್ಲಿಂದ ಮುಂದೆ ಒಂದು ದಿನವೂ ಇಲ್ಲ.

ಪ್ರಶ್ನೆ: ವಾಟ್ಸ್‌ಆ್ಯಪ್ ಚಾಟ್, ಮೊಬೈಲ್ ವಿಡಿಯೊ ನಡೆಯುತ್ತವೆಯೇ? ತನಿಖೆಗೆ ಫೋನ್ ಕೇಳಿದರೆ ಕೊಡಬೇಕೇ?
– ಕಬಡ್ಡಿ ಆಟಗಾರ, ಕೆಂಗೇರಿ

ಉತ್ತರ: ಲೀಗ್‌ನ ಶಿಸ್ತು ಸಮಿತಿ ಮುಂದೆ ಸಾಕ್ಷ್ಯ ಕಾನೂನು ಬಿಗಿಯಾಗಿ ಅನ್ವಯಿಸುವುದಿಲ್ಲ, ಸ್ಕ್ರೀನ್‌ಶಾಟೂ ನಡೆದೀತು. ಕೋರ್ಟ್‌ಗೆ ಹೋದರೆ ನಡೆಯದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ‘ಎ’ ಭಾಗಕ್ಕೆ ದಾಖಲೆ ಕೊಡುವವರ ಸಹಿ, ‘ಬಿ’ ಭಾಗಕ್ಕೆ ತಜ್ಞರ ಸಹಿ. ಫೈಲಿನ ಹ್ಯಾಶ್ ಸಂಖ್ಯೆಯನ್ನೂ (ಫೈಲಿನ ಬೆರಳಚ್ಚಿನಂಥ ಗುರುತು) ಅದರಲ್ಲಿ ಬರೆಯಬೇಕು. ವಿಡಿಯೊ ಒಮ್ಮೆ ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಆದರೆ ಅದು ಕುಗ್ಗಿ ಬೇರೆ ಫೈಲ್ ಆಗಿಬಿಡುತ್ತದೆ, ಮೂಲದ ಹ್ಯಾಶ್ ಜೊತೆ ತಾಳೆಯಾಗುವುದಿಲ್ಲ. ಪಂದ್ಯ ಚಿತ್ರೀಕರಿಸಿದ ಗೆಳೆಯನ ಫೋನಿನಿಂದ ಮೂಲ ಫೈಲನ್ನೇ ಕೇಬಲ್ ಹಾಕಿ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಮೂಲ ಇರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ಫೋನ್ ಕೊಡಬೇಕೇ ಅನ್ನುವುದು ಸಂಹಿತೆಯನ್ನು ಅವಲಂಬಿಸುತ್ತದೆ. ಭ್ರಷ್ಟಾಚಾರ ತಡೆ ಸಂಹಿತೆಗಳಲ್ಲಿ ತನಿಖೆಗೆ ಸಹಕರಿಸದಿರುವುದೇ ಪ್ರತ್ಯೇಕ ಅಪರಾಧ. ಕೊಡುವುದಾದರೆ ಬರಹದ ಬೇಡಿಕೆ ಕೇಳಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ ಮಾಹಿತಿ ಅಂತ ನಮೂದಿಸಿಕೊಳ್ಳಿ, ನಿಮ್ಮ ಎದುರೇ ನಕಲು ತೆಗೆಸಿ ರಸೀದಿ ಪಡೆಯಿರಿ. ಏನೇ ಆದರೂ ನಾಶ ಮಾಡಬೇಡಿ. ಮೇಲೆ ಹೇಳಿದ ಬ್ರೇಡಿ ತನಿಖಾಧಿಕಾರಿಗಳನ್ನು ಭೇಟಿಯಾಗುವ ಹೊತ್ತಿಗೆ ತಮ್ಮ ಫೋನ್ ನಾಶ ಮಾಡಿಸಿದ್ದರು. ಮೇಲ್ಮನವಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಅವರಿಗೆ ಮುಳುವಾದದ್ದು ಅದು.

ಪ್ರಶ್ನೆ: ನಾನು ತರಬೇತಿ ಕೊಡುವ ಹುಡುಗಿಯ ಮೂತ್ರದ ಮಾದರಿಯಲ್ಲಿ ನಿಷೇಧಿತ ವಸ್ತು ಸಿಕ್ಕಿದೆ ಅಂತ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ನೋಟಿಸ್ ಬಂದಿದೆ. ಪ್ರೋಟೀನ್ ಪುಡಿಯಿಂದ ಬಂದಿರಬಹುದು. ಇಲ್ಲಿನ ಕೋರ್ಟ್‌ಗೆ ಹೋಗಬಹುದೇ?
– ಅಥ್ಲೆಟಿಕ್ಸ್ ಕೋಚ್, ಸಂಪಂಗಿರಾಮನಗರ

ಉತ್ತರ: ಡೋಪಿಂಗ್‌ಗೆ ಬೇರೆಯೇ ದಾರಿ. 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯಡಿ ಮೊದಲು ಶಿಸ್ತು ಸಮಿತಿ, ಆಮೇಲೆ ಮೇಲ್ಮನವಿ ಸಮಿತಿ. ಮೇಲ್ಮನವಿಗೆ 21 ದಿನ. ಅಂತರರಾಷ್ಟ್ರೀಯ ಮಟ್ಟದ ಕ್ರೀಡಾಪಟುವಾದರೆ ಮೇಲ್ಮನವಿ ನೇರ ಸ್ವಿಟ್ಜರ್‌ಲೆಂಡ್‌ನ ಕ್ರೀಡಾ ನ್ಯಾಯಮಂಡಳಿಗೆ.

ಪುಡಿಯ ಡಬ್ಬಿಯನ್ನು ಇವತ್ತೇ ಕವರಿನಲ್ಲಿ ಹಾಕಿ ಮುಚ್ಚಿಡಿ. ಬ್ಯಾಚ್ ಸಂಖ್ಯೆ, ಬಿಲ್, ಹಣ ಕಟ್ಟಿದ ಯುಪಿಐ ದಾಖಲೆ ಜೊತೆಗಿರಲಿ. ಅದೇ ಬ್ಯಾಚಿನ ಸೀಲ್ ಒಡೆಯದ ಇನ್ನೊಂದು ಡಬ್ಬಿ ಸಿಕ್ಕರೆ ಕೊಳ್ಳಿ. ತೆರೆದ ಡಬ್ಬಿಗೆ ಆಮೇಲೆ ಬೆರೆಸಿದ್ದಾರೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಉತ್ತರ ಸೀಲ್ ಇರುವ ಡಬ್ಬಿ. ‘ಬಿ’ ಮಾದರಿ (ಅದೇ ಮೂತ್ರದ ಎರಡನೇ ಬಾಟಲಿ) ಪರೀಕ್ಷೆ ಬೇಕೇ ಅಂತ ನೋಟಿಸಿನಲ್ಲಿರುವ ಗಡುವಿನೊಳಗೆ ಬರೆದು ತಿಳಿಸಿ. ಸುಮ್ಮನಿದ್ದರೆ ಬೇಡ ಅಂದಂತೆ. ನಾಲ್ಕು ವರ್ಷದ ಶಿಕ್ಷೆಯ ಆರೋಪವಾದರೆ, ನೋಟಿಸ್ ಸಿಕ್ಕ 20 ದಿನದೊಳಗೆ ತಪ್ಪು ಮತ್ತು ಶಿಕ್ಷೆ ಎರಡನ್ನೂ ಒಪ್ಪಿದರೆ ಒಂದು ವರ್ಷ ಕಡಿತ ಸಿಗುತ್ತದೆ. ಒಪ್ಪುವುದೋ ಹೋರಾಡುವುದೋ ಅನ್ನುವುದನ್ನು ಆ 20 ದಿನದಲ್ಲೇ ಡೋಪಿಂಗ್ ಪ್ರಕರಣ ನಡೆಸಿ ಗೊತ್ತಿರುವ ವಕೀಲರ ಜೊತೆ ಕೂತು ತೀರ್ಮಾನಿಸಿ.

ಪ್ರಶ್ನೆ: ಕಂಠೀರವದಲ್ಲಿ ಬಿಎಫ್‌ಸಿ ವಿರುದ್ಧ ಕೇರಳ ಬ್ಲಾಸ್ಟರ್ಸ್ ಪಂದ್ಯದ ಮಧ್ಯೆ ಹೊರನಡೆದ ಕೇಸ್ ಸ್ವಿಟ್ಜರ್‌ಲೆಂಡ್‌ವರೆಗೆ ಹೋಯಿತಂತೆ. ಅಲ್ಲಿಗೆ ಹೋಗಲು ಎಷ್ಟು ಖರ್ಚು?
– ಫುಟ್‌ಬಾಲ್ ಅಭಿಮಾನಿ, ಆಸ್ಟಿನ್ ಟೌನ್

ಉತ್ತರ: 2023ರ ಮಾರ್ಚ್ 3. ಬಿಎಫ್‌ಸಿಯ ಸುನಿಲ್ ಛೆಟ್ರಿ ಬೇಗನೆ ಹೊಡೆದ ಫ್ರೀ ಕಿಕ್ ಗೋಲಾಯಿತು, ಬ್ಲಾಸ್ಟರ್ಸ್ ಹೊರನಡೆಯಿತು. ಎಐಎಫ್‌ಎಫ್ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್ ಇವಾನ್ ವುಕೊಮನೊವಿಚ್ ಅವರಿಗೆ ಹತ್ತು ಪಂದ್ಯ ನಿಷೇಧ ಮತ್ತು 5 ಲಕ್ಷ ದಂಡ. ಮೇಲ್ಮನವಿ ಸಮಿತಿಯಲ್ಲೂ ಕ್ರೀಡಾ ನ್ಯಾಯಮಂಡಳಿಯಲ್ಲೂ ಫಲ ಸಿಗಲಿಲ್ಲ.

ಅಲ್ಲಿ ಅರ್ಜಿ ಶುಲ್ಕ 1000 ಸ್ವಿಸ್ ಫ್ರಾಂಕ್. ಅಷ್ಟಕ್ಕೇ ಮುಗಿಯುವುದಿಲ್ಲ. ಅಂತರರಾಷ್ಟ್ರೀಯ ಫೆಡರೇಶನ್ ಕೊಟ್ಟ ಶಿಸ್ತು ಶಿಕ್ಷೆಯಾದರೆ ವಿಚಾರಣೆಯ ಖರ್ಚನ್ನು ಮಂಡಳಿಯೇ ಭರಿಸುತ್ತದೆ. ರಾಷ್ಟ್ರೀಯ ಸಂಸ್ಥೆಯ ಆದೇಶವಾದರೆ ಪಂಚರ ಶುಲ್ಕವನ್ನೂ ಮುಂಗಡವಾಗಿ ಕಟ್ಟಬೇಕು. ಎದುರು ಪಕ್ಷ ಅದರ ಪಾಲು ಕಟ್ಟದಿದ್ದರೆ ಅದನ್ನೂ ನೀವೇ ಕಟ್ಟಬೇಕಾಗುತ್ತದೆ, ಇಲ್ಲದಿದ್ದರೆ ಮೇಲ್ಮನವಿ ಹಿಂಪಡೆದಂತೆ. ಸಂಸ್ಥೆಯ ನಿಯಮದಲ್ಲಿ ಬೇರೆ ಗಡುವು ಇಲ್ಲದಿದ್ದರೆ 21 ದಿನದೊಳಗೆ ಮೇಲ್ಮನವಿ ಹೋಗಬೇಕು. ಸಂಸ್ಥೆಯ ನಿಯಮಾವಳಿಯಲ್ಲಿ ಈ ಮಂಡಳಿಯ ಹೆಸರೇ ಇಲ್ಲದಿದ್ದರೆ, ಬೇರೆ ಒಪ್ಪಂದವೂ ಇಲ್ಲದಿದ್ದರೆ ಅದಕ್ಕೆ ಅಧಿಕಾರವೇ ಬರುವುದಿಲ್ಲ.

ಪ್ರಶ್ನೆ: ಹೊಸ ಕ್ರೀಡಾ ಕಾಯ್ದೆ ಬಂದ ಮೇಲೆ ಕೋರ್ಟ್‌ಗೆ ಹೋಗುವಂತಿಲ್ಲವಂತೆ, ನಿಜವೇ? ನಿಷೇಧ ಇರುವಾಗ ತಂಡ ಸಂಬಳ ಕೊಡಬೇಕೇ?
– ವಾಲಿಬಾಲ್ ಆಟಗಾರ, ಪೀಣ್ಯ

ಉತ್ತರ: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಮೂವರು ಸದಸ್ಯರ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಇದೆ. ಅದರ ವ್ಯಾಪ್ತಿಯ ವಿಷಯಗಳಲ್ಲಿ ಸಿವಿಲ್ ಕೋರ್ಟ್‌ಗೆ ಅಧಿಕಾರ ಇಲ್ಲ. 226ನೇ ವಿಧಿಯ ಹೈಕೋರ್ಟ್ ಅಧಿಕಾರವನ್ನು ಸಾಮಾನ್ಯ ಕಾಯ್ದೆಯಿಂದ ಕಿತ್ತುಕೊಳ್ಳಲಾಗದು, ಇದು 1997ರ ಎಲ್. ಚಂದ್ರಕುಮಾರ್ ತೀರ್ಪಿನಿಂದ ಇತ್ಯರ್ಥವಾದ ವಿಷಯ. ಆದರೆ ಮಂಡಳಿಗೆ ಹೋಗಿದ್ದೀರಾ ಅಂತ ಹೈಕೋರ್ಟ್ ಮೊದಲು ಕೇಳುತ್ತದೆ. ಕಾಯ್ದೆಯ ಗಮನ ಇರುವುದು ಮಾನ್ಯತೆ ಪಡೆದ ಕ್ರೀಡಾ ಸಂಸ್ಥೆಗಳ ಮೇಲೆ. ಖಾಸಗಿ ಲೀಗ್‌ನ ಕರಾರಿನ ಜಗಳ ಮೊದಲಿನಂತೆ ಆರ್ಬಿಟ್ರೇಷನ್‌ಗೋ ಸಿವಿಲ್ ಕೋರ್ಟ್‌ಗೋ ಹೋಗುತ್ತದೆ.

ಸಂಬಳದ ಉತ್ತರ ನಿಮ್ಮ ಕರಾರಿನಲ್ಲಿದೆ. ಸಂಭಾವನೆ ‘ಪಂದ್ಯಕ್ಕೆ ಇಷ್ಟು’ ಅಂತಿದ್ದರೆ ನಿಷೇಧದ ಪಂದ್ಯಗಳಿಗೆ ಸಿಗುವುದಿಲ್ಲ. ‘ಸೀಸನ್‌ಗೆ ಇಷ್ಟು’ ಅಂತಿದ್ದು, ಅಮಾನತಿನ ಅವಧಿಗೆ ಕಡಿತ ಮಾಡಬಹುದು ಅನ್ನುವ ಷರತ್ತು ಇಲ್ಲದಿದ್ದರೆ ಕೇಳುವ ಹಕ್ಕಿದೆ. ಅಂಥ ಸಂದರ್ಭದಲ್ಲಿ ಅಭ್ಯಾಸಕ್ಕೆ ಹಾಜರಾಗುವುದನ್ನು ನಿಲ್ಲಿಸಬೇಡಿ. ಬರಬೇಡ ಅಂದರೆ ಹಾಗಂತ ಇಮೇಲ್ ಮಾಡಲು ಹೇಳಿ. ನಿಷೇಧದ ಆದೇಶ ಅಭ್ಯಾಸಕ್ಕೂ ಅನ್ವಯಿಸುತ್ತದೆಯೇ, ಪಂದ್ಯಕ್ಕೆ ಮಾತ್ರವೇ ಅನ್ನುವುದನ್ನು ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ನಿಷೇಧ ಇದ್ದಾಗ ಬೇರೆ ಊರಿನ ಟೂರ್ನಿಯಲ್ಲಿ ಹೆಸರು ಬದಲಿಸಿ ಆಡುವ ಚಾಳಿ ಕೆಲವರಿಗಿದೆ. ಸಿಕ್ಕಿಬಿದ್ದರೆ ಶಿಕ್ಷೆಯ ಲೆಕ್ಕ ಮತ್ತೆ ಮೊದಲ ದಿನದಿಂದ ಶುರುವಾಗಬಹುದು, ಸಂಬಳದ ಕೇಸೂ ಅಲ್ಲಿಗೆ ಮುಗಿಯಿತು.